ಜೋಗದಲ್ಲೊಂದು ಹುಲ್ಲಿತ್ತು

ಹೆಗ್ಗೋಡಿನ ಆಸುಪಾಸಿನಲ್ಲಿ ಮನೆ ಮಾಡಿಕೊಂಡವರಿಗೆ, ನೆಂಟರು ಬಂದರೆಂದರೆ ಜೋಗ ತೋರಿಸುವುದು ಒಂದು ಕರ್ತವ್ಯ. ಬೆಂಗಳೂರಿನವರು, ಹುಬ್ಬಳ್ಳಿಯವರು, ನೀನಾಸಮ್ ಶಿಬಿರಕ್ಕೆಂದು ಬಂದು ಒಂದು ದಿನ ಹೆಚ್ಚಿಗೆ ಉಳಿದವರು, ಎಲ್ಲರೂ ಹೊರಡುವ ಮೊದಲೇ ಫೋನಿನಲ್ಲಿ ಕೇಳುವ ಪ್ರಶ್ನೆ ಒಂದೇ: ‘ಜೋಗದಲ್ಲಿ ನೀರಿದೆಯಾ?’ ಮಳೆಗಾಲವಾದರೆ ಧೈರ್ಯವಾಗಿ ಇದೆ ಅನ್ನುತ್ತೇವೆ. ಶಿವರಾತ್ರಿ ಕಳೆದ ಮೇಲಾದರೆ ‘ನೂಲಿನ ಹಾಗೆ ಬೀಳ್ತಾ ಇದೆ, ನೋಡಬಹುದು’ ಎಂದು ಸಂಕೋಚದಿಂದ ಹೇಳುತ್ತೇವೆ, ನೀರೆಲ್ಲ ನಮ್ಮ ಬಚ್ಚಲಿನ ಹಂಡೆಯಿಂದಲೇ ಖರ್ಚಾಯಿತೇನೋ ಎಂಬಂತೆ. ಬುತ್ತಿ ಕಟ್ಟಿಕೊಂಡು ಹೋಗಿ, ರಾಜ, ರಾಣಿ, ರೋರರ್, ರಾಕೆಟ್ ಎಂದು ನಾಲ್ಕನ್ನೂ ಬೆರಳು ತೋರಿಸಿ ಎಣಿಸಿ, 253 ಮೀಟರ್ ಎತ್ತರ ಎಂದು ಪಾಠ ಒಪ್ಪಿಸಿ, ಸಂಜೆಗೆ ವಾಪಸು ಬರುತ್ತೇವೆ.

ಇಷ್ಟು ವರ್ಷಗಳಲ್ಲಿ ನೀರಿನ ಹಿಂದಿನ ಬಂಡೆಯ ಮೇಲೆ ಏನು ಬೆಳೆಯುತ್ತದೆ ಎಂದು ಕೇಳಿದ ನೆಂಟರಿಲ್ಲ. ನಾನೂ ಕೇಳಿಕೊಂಡವಳಲ್ಲ. ಜೋಗದ ಬಂಡೆಯ ಮೇಲೆ ಒಂದು ಹುಲ್ಲಿತ್ತು, ಅದು ಈಗ ಅಲ್ಲಿಲ್ಲ ಎಂಬ ಸಂಗತಿ ನನಗೆ ತಿಳಿದದ್ದು ತೀರ ತಡವಾಗಿ, ಅದೂ ಪುಸ್ತಕದಿಂದ.

ಕತೆ 1919ರದ್ದು. ಆಗ ಶರಾವತಿ ಹೊಳೆಯ ಈಚೆ ದಡ ಮೈಸೂರು ಸಂಸ್ಥಾನ, ಆಚೆ ದಡ ಮುಂಬಯಿ ಪ್ರಾಂತ. ಇಂಗ್ಲಿಷರು ಇದನ್ನು ಗೇರುಸೊಪ್ಪದ ಜಲಪಾತ ಎಂದೇ ಕರೆಯುತ್ತಿದ್ದರು. ಉತ್ತರ ಕನ್ನಡದಲ್ಲಿ ಬಹುಕಾಲ ಅರಣ್ಯಾಧಿಕಾರಿಯಾಗಿದ್ದ ಟಿ. ಆರ್. ಬೆಲ್ ಎಂಬವರು ಚಿಟ್ಟೆಗಳ ಹುಚ್ಚಿನವರು. ಅವರ ಜತೆಗಾರ ಎಲ್. ಜೆ. ಸೆಡ್ಜ್‌ವಿಕ್ ಮುಂಬಯಿ ಸರ್ಕಾರದ ಸಿವಿಲ್ ಅಧಿಕಾರಿ. ಕಚೇರಿಯ ಕಾಗದಪತ್ರ ಮುಗಿದ ಮೇಲೆ ಗಿಡ ಹುಡುಕುವುದು ಅವರ ಬಿಡುವಿನ ಕೆಲಸ. ಅಂಥವರ ಬಿಡುವಿನ ಕೆಲಸದಿಂದಲೇ ನಮ್ಮ ಘಟ್ಟದ ಸಸ್ಯಗಳ ಮೊದಲ ಲೆಕ್ಕ ಎಷ್ಟೋ ಮಟ್ಟಿಗೆ ಆಯಿತು ಎಂಬುದನ್ನು ಒಪ್ಪಬೇಕು. ಇಬ್ಬರೂ ಸೇರಿ ಜಲಪಾತದ ತುಂತುರು ಬೀಳುವಲ್ಲಿಂದ ಒಂದು ನಾಜೂಕಾದ ಹುಲ್ಲು ಕಿತ್ತು ತಂದರು. ಅದನ್ನು ಕಾಗದದ ನಡುವೆ ಒತ್ತಿ, ಒಣಗಿಸಿ, ಹಾಳೆಗೆ ಅಂಟಿಸಿ, ಊರು, ವರ್ಷ, ಕಿತ್ತವರ ಹೆಸರು ಬರೆದಿಟ್ಟರು. ನಾವು ಹುಡುಗಿಯರಾಗಿದ್ದಾಗ ನೋಟುಬುಕ್ಕಿನಲ್ಲಿ ನವಿಲುಗರಿ ಇಡುತ್ತಿದ್ದೆವಲ್ಲ, ಹೆಚ್ಚುಕಡಿಮೆ ಹಾಗೆಯೇ. ವ್ಯತ್ಯಾಸ ಎಂದರೆ ನಾವು ಗರಿ ಮರಿ ಹಾಕುತ್ತದೆಂದು ಕಾಯುತ್ತಿದ್ದೆವು, ಅವರು ಹೆಸರಿಗಾಗಿ ಕಾದರು.

ಹೆಸರು ಬರಲು ಮೂವತ್ತೊಂದು ವರ್ಷ ಹಿಡಿಯಿತು. 1950ರಲ್ಲಿ ಎನ್. ಎಲ್. ಬೋರ್ ಎಂಬ ಹುಲ್ಲಿನ ಪಂಡಿತರು ಆ ಒಣಗಿದ ಕಡ್ಡಿಗಳನ್ನು ಪರೀಕ್ಷಿಸಿ, ಇದು ಹೊಸ ಜಾತಿ ಮಾತ್ರವಲ್ಲ, ಇದಕ್ಕೊಂದು ಹೊಸ ಕುಲವೇ ಬೇಕು ಎಂದು ತೀರ್ಮಾನಿಸಿದರು. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಹುಲ್ಲುಗಳ ಅಭ್ಯಾಸದಲ್ಲೇ ಆಯುಷ್ಯ ಕಳೆದ ಸಿ. ಇ. ಹಬಾರ್ಡ್ ಅವರ ಹೆಸರನ್ನು ಕುಲಕ್ಕೆ ಕೊಟ್ಟರು: ಹಬಾರ್ಡಿಯಾ ಹೆಪ್ಟಾನ್ಯೂರಾನ್. ಎರಡನೆಯ ಮಾತಿಗೆ ಏಳು ನರದ್ದು ಎಂದು ಅರ್ಥ. ಬೋರ್ ಅಸ್ಸಾಮಿನ ಕಾಡುಗಳಲ್ಲಿ ಅರಣ್ಯಾಧಿಕಾರಿಯಾಗಿ ತಿರುಗಿದವರು. ಅವರೊಂದಿಗೆ ಬೆಟ್ಟ ಹತ್ತಿಳಿದ ಹೆಂಡತಿ ಎಲೀನರ್ ಬೋರ್ 1952ರಲ್ಲಿ ಒಬ್ಬ ಸಸ್ಯಶಾಸ್ತ್ರಜ್ಞನ ಹೆಂಡತಿಯ ಸಾಹಸಗಳು ಎಂಬರ್ಥದ ಹೆಸರಿಟ್ಟು ಪುಸ್ತಕವನ್ನೇ ಬರೆದರು. ಗಂಡ ಹುಲ್ಲನ್ನು ನೋಡುತ್ತಿದ್ದರೆ ಹೆಂಡತಿ ಗಂಡನನ್ನೂ ಊರನ್ನೂ ನೋಡಿದಳು. ಎರಡೂ ಸರ್ವೇಕ್ಷಣೆಯೇ.

ಹುಲ್ಲಿಗೆ ಹೆಸರು ಬರುವಷ್ಟರಲ್ಲಿ ಜೋಗದಲ್ಲಿ ಬೇರೆ ಲೆಕ್ಕ ಶುರುವಾಗಿತ್ತು. 1948ರಲ್ಲಿ ಹಿರೇಭಾಸ್ಕರದ ಅಣೆಕಟ್ಟೆ, ಜಲಪಾತದ ಕೆಳಗೆ ವಿದ್ಯುದಾಗಾರ. ಅದಕ್ಕೆ ಗಾಂಧೀಜಿಯ ಹೆಸರು. ಬೆಲ್ ತೀರಿಕೊಂಡದ್ದೂ ಅದೇ 1948ರಲ್ಲಿ. 1964ರಲ್ಲಿ ಲಿಂಗನಮಕ್ಕಿ ಎದ್ದಿತು, ಹಿರೇಭಾಸ್ಕರ ಅದರ ಹೊಟ್ಟೆಯೊಳಗೆ ಮುಳುಗಿತು. ಕೆಲವು ಬಿರು ಬೇಸಿಗೆಗಳಲ್ಲಿ ನೀರು ತಳ ಮುಟ್ಟಿದಾಗ ಆ ಹಳೆಯ ಕಟ್ಟೆ ಮೇಲೆದ್ದು ಕಾಣುತ್ತದೆ, ಜನ ಜಾತ್ರೆಯ ಹಾಗೆ ನೋಡಲು ಹೋಗುತ್ತಾರೆ. ಆ ನೀರಿನೊಳಗೆ ಊರುಗಳು, ತೋಟಗಳು, ಗದ್ದೆಗಳು ಹೋದವು, ಒಕ್ಕಲು ಎದ್ದವರು ಜಿಲ್ಲೆಯ ಉದ್ದಗಲಕ್ಕೆ ಚದುರಿದರು. ಆ ದುಃಖದ ಮುಂದೆ ಹುಲ್ಲಿನ ಮಾತೆತ್ತಲು ನನಗೆ ನಾಚಿಕೆಯಾಗುತ್ತದೆ. ಕಳೆದುಕೊಂಡವರ ಮನೆಯಲ್ಲಿ ಕುಳಿತು ಹುಲ್ಲುಕಡ್ಡಿಯ ಕತೆ ಹೇಳಿದರೆ ಯಾರು ಕೇಳಿಯಾರು?

ಆದರೂ ಹೇಳಬೇಕು. ನೀರು ಕೊಳವೆಗೆ ತಿರುಗಿದ ಮೇಲೆ ಜಲಪಾತದಲ್ಲಿ ಉಳಿದದ್ದು ಮಳೆಗಾಲದ ನೀರು. ವರ್ಷವಿಡೀ ಮಂಜಿನ ಹಾಗೆ ಬಂಡೆಯನ್ನು ತೋಯಿಸುತ್ತಿದ್ದ ತುಂತುರು ವರ್ಷಕ್ಕೆ ಕೆಲವೇ ತಿಂಗಳಿನದಾಯಿತು. ಆ ಹುಲ್ಲಿಗೆ ಬೇಕಾದದ್ದು ಬಂಡೆ ಮತ್ತು ತೊಟ್ಟಿಕ್ಕುವ ನೀರು, ಎರಡೇ. ಆಮೇಲೆ ಹುಡುಕಿದ ಸಸ್ಯಶಾಸ್ತ್ರಜ್ಞರಿಗೆ ಅದು ಜೋಗದಲ್ಲಿ ಸಿಗಲಿಲ್ಲ. ನೀರು ಕಡಿಮೆಯಾದದ್ದೇ ಕಾರಣವಿರಬೇಕು ಎಂದು ಅವರು ಬಗೆದರು. ಅಳಿದುಹೋದದ್ದು ಎಂದು ಬರೆದುಕೊಂಡರು. ಎಷ್ಟು ಕ್ಯೂಸೆಕ್ಸ್ ನೀರು, ಎಷ್ಟು ಯೂನಿಟ್ ವಿದ್ಯುತ್ತು ಎಂದು ಹನಿ ಹನಿಗೂ ಲೆಕ್ಕವಿತ್ತು. ಕಟ್ಟೆ ಕಟ್ಟುವ ಮೊದಲು ಬಂಡೆಯ ಮೇಲಿನದನ್ನು ಎಣಿಸಲು ಹೇಳುವ ಕಾನೂನು ಆಗ ಇರಲಿಲ್ಲ.

ಈ ವಿಷಯದಲ್ಲಿ ನಾನು ಸುಳ್ಳು ಹೇಳಲಾರೆ. ಕರೆಂಟು ನಮ್ಮ ಕಡೆಯ ಮನೆಗಳಿಗೆ ಬಂದದ್ದು ತಡವಾದರೂ, ಬಂದ ಮೇಲೆ ಅದರ ಸುಖ ಮೊದಲು ಉಂಡದ್ದು ಅಡಿಗೆಮನೆ. ನನ್ನ ಅತ್ತೆ ಒರಳಿನ ಮುಂದೆ ಸವೆಸಿದ ರಟ್ಟೆಯನ್ನು ಕಂಡವಳು ನಾನು. ಮಿಕ್ಸಿಯ ಗುಂಡಿ ಒತ್ತುವಾಗ ಜೋಗದ ಹುಲ್ಲಿನ ನೆನಪಾಗಿ ಕೈ ನಡುಗುತ್ತದೆ ಎಂದೇನೂ ಇಲ್ಲ. ಚಟ್ನಿ ರುಬ್ಬಿಯಾದ ಮೇಲೆ ಒಮ್ಮೊಮ್ಮೆ ನೆನಪಾಗುತ್ತದೆ, ಅಷ್ಟೆ.

ಒಮ್ಮೆ ಅತ್ತೆಯವರಿಗೆ ಈ ಹುಲ್ಲಿನ ಕತೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅವರು ಕೇಳಿದ್ದು: ‘ಎಂತಕ್ಕೆ ಬತ್ತು ಅದು?’ ಯಾವುದಕ್ಕೆ ಉಪಯೋಗ ಎಂದು. ನನಗೆ ಉತ್ತರ ತೋಚಲಿಲ್ಲ. ಅವರಿಗೆ ಹುಲ್ಲು ಗೊತ್ತಿಲ್ಲ ಎಂದಲ್ಲ. ಗಣಪತಿಗೆ ಗರಿಕೆ, ಶ್ರಾದ್ಧಕ್ಕೆ ದರ್ಭೆ, ಕಷಾಯಕ್ಕೆ ಮಜ್ಜಿಗೆಹುಲ್ಲು, ಕುಡಿಯುವ ನೀರಿಗೆ ಲಾವಂಚದ ಬೇರು, ಕೊಟ್ಟಿಗೆಗೆ ಬ್ಯಾಣದ ಕರಡ, ಗದ್ದೆಯಲ್ಲಿ ಬೈದು ಕೀಳುವ ಜೇಕು. ಸೊಪ್ಪಿನ ವಿಷಯಕ್ಕೆ ಬಂದರೆ ಮುಗಿಯಿತು: ಒಂದೆಲಗ, ಚಗಟೆ, ಮಳೆಗಾಲದಲ್ಲಿ ಮರದ ಮೇಲೆ ಹುಟ್ಟುವ ಮರಕೆಸ, ತಂಬುಳಿಗೆ ಬೇಲಿಸಾಲಿನ ಹತ್ತೆಂಟು ಕುಡಿಗಳು. ಯಾವುದು ಯಾವ ತಿಂಗಳು ತುರಿಸುತ್ತದೆ, ಯಾವುದಕ್ಕೆ ಎಷ್ಟು ಹುಳಿ ಹಾಕಿದರೆ ಸುಮ್ಮನಾಗುತ್ತದೆ ಎಂಬುದೂ ಅವರಿಗೆ ಗೊತ್ತು. ಹುಳಿಯಲ್ಲೂ ವಾಟೆಹುಳಿ ಬೇರೆ, ಮುರುಗಲು ಬೇರೆ, ಉಪ್ಪಾಗೆ ಬೇರೆ. ಅಪ್ಪೆಮಿಡಿಯಲ್ಲಂತೂ ಒಂದೊಂದು ಮರಕ್ಕೆ ಒಂದೊಂದು ಹೆಸರು, ಅದು ಹೊಳೆಯಂಚಿನದೋ ಬೆಟ್ಟದ್ದೋ ಎಂಬ ಕುಲಗೋತ್ರ. ಉಪಯೋಗಕ್ಕೆ ಬಂದದ್ದಕ್ಕೆಲ್ಲ ಹೆಸರಿದೆ. ಜೋಗದ ಹುಲ್ಲನ್ನು ದನ ಮೇಯಲು ಹೋಗಲಿಲ್ಲ, ಯಾರೂ ಕೊಯ್ಯಲು ಹೋಗಲಿಲ್ಲ. ಹಾಗಾಗಿ ನನಗೆ ತಿಳಿದ ಮಟ್ಟಿಗೆ ಅದಕ್ಕೊಂದು ಕನ್ನಡದ ಹೆಸರೇ ಇಲ್ಲ.

ಅಡಿಗೆಮನೆಯನ್ನೊಂದೇ ದೂರಬೇಕಾಗಿಲ್ಲ. ನಮ್ಮ ಸೀಮೆಯ ಕಾಡನ್ನು ನೋಡಲು ಬಂದ ದೊಡ್ಡವರೂ ‘ಎಂತಕ್ಕೆ ಬತ್ತು’ ಎಂದೇ ಕೇಳಿದವರು. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯನ್ನಾಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದರು. ಅವಳ ಕಾಡು ಅವರ ಕಣ್ಣಿಗೆ ಮೆಣಸಿನ ಕಣಜ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿ ಹೊಸದಾಗಿ ಕೈಸೇರಿದ ನಾಡನ್ನು ನೋಡಿ ಬರೆಯಲು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಳಿಸಿದ. ಆತ 1801ರಲ್ಲಿ ಕರಾವಳಿಯಿಂದ ಘಟ್ಟ ಹತ್ತಿ ಇಕ್ಕೇರಿ, ನಗರದ ದಾರಿಯಲ್ಲಿ ಹಾದುಹೋದ. 1807ರಲ್ಲಿ ಅವನ ಪ್ರವಾಸದ ಮೂರು ಸಂಪುಟ ಅಚ್ಚಾಯಿತು. ಹೈಗ ಬ್ರಾಹ್ಮಣರ ಅಡಕೆ ತೋಟ, ಅದಕ್ಕೆ ಹಾಕುವ ಸೊಪ್ಪು, ಕಾಡಿನಲ್ಲಿ ತಾನಾಗಿ ಹಬ್ಬಿದ ಮೆಣಸಿನ ಬಳ್ಳಿ, ಎಲ್ಲವೂ ಅದರಲ್ಲಿವೆ. ಬುಕಾನನ್ ಬರೀ ಗುಮಾಸ್ತನಲ್ಲ, ಗಿಡಗಳನ್ನು ನಿಜವಾಗಿ ಪ್ರೀತಿಸಿದವನು. ಮುಟ್ಟಿದರೆ ಮೈಯೆಲ್ಲ ಬೊಬ್ಬೆ ಏಳಿಸುವ ಕಾಡುಗೇರಿನ ಕುಲಕ್ಕೆ ಹೊಲಿಗಾರ್ನಾ ಎಂಬ ಶಾಸ್ತ್ರದ ಹೆಸರು ಬಂದದ್ದು ಅವನಿಂದ. ಅದರೊಳಗಿರುವುದು ಗೇರು ಎಂಬ ನಮ್ಮದೇ ಮಾತು ಎನ್ನುತ್ತಾರೆ. ಯಾರೋ ಊರಿನವರು ‘ಮುಟ್ಟಬೇಡಿ ದೊರೆ’ ಎಂದು ಮರದ ಹೆಸರು ಹೇಳಿ ಎಚ್ಚರಿಸಿರಬೇಕು. ಇದು ನನ್ನ ಊಹೆ.

1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಇಬ್ಬರು ಅಧಿಕಾರಿಗಳು ನೆರೆಯ ಸೊರಬ ತಾಲೂಕಿನ ಕಾನುಗಳ ಬಗ್ಗೆ ವರದಿ ಬರೆದರು. ಕಾನು ಎಂದರೆ ನಮ್ಮವರಿಗೆ ಬರೀ ಕಾಡಲ್ಲ. ಬಿಸಿಲು ನೆಲ ಮುಟ್ಟದ, ತೊರೆ ಹುಟ್ಟುವ, ದೇವರಿರುವ, ಮೆಣಸು, ಬಗನಿಯ ಮರ ಇರುವ, ಕೊಡಲಿ ಹಾಕಬಾರದ ಕಾಡು. ಸೊರಬ ಒಂದರಲ್ಲೇ 171 ಕಾನು, 32 ಸಾವಿರ ಎಕರೆಗೂ ಮಿಕ್ಕಿ ಎಂದು ಅವರ ಎಣಿಕೆ. ಎಣಿಸಿದ್ದು ಒಳ್ಳೆಯದೇ, ಇಲ್ಲದಿದ್ದರೆ ಎಷ್ಟು ಹೋಯಿತೆಂದು ನಮಗೆ ಇವತ್ತು ಗೊತ್ತಾಗುತ್ತಿರಲಿಲ್ಲ. ಆದರೆ ಎಣಿಸಿದ್ದು ಕಂದಾಯದ ಕಣ್ಣಿನಿಂದ. ಮೆಣಸು ರಾಣಿಗೆ, ಕಂದಾಯ ಸರ್ಕಾರಕ್ಕೆ, ಮರ ಅರಣ್ಯ ಇಲಾಖೆಗೆ, ಹುಳಿ ಅಡಿಗೆಮನೆಗೆ. ಯಾರಿಗೂ ಬೇಡದ ಒಂದು ಹುಲ್ಲನ್ನು ಬಗ್ಗಿ ನೋಡಿದವರು ಆ ಇಬ್ಬರು ಪರದೇಶಿಗಳು ಮಾತ್ರ, ಅದೂ ಬಿಡುವಿನ ವೇಳೆಯಲ್ಲಿ.

ಕಾಡನ್ನು ಕಾಡಾಗಿಯೇ ಉಳಿಸಬೇಕು ಎಂಬ ಮಾತು ಕಾನೂನಾಗಿ ಬಂದದ್ದು ಕಟ್ಟೆ ಮುಗಿದ ಮೇಲೆ. 1972ರಲ್ಲಿ ಶರಾವತಿ ಕಣಿವೆ ಅಭಯಾರಣ್ಯ ಘೋಷಣೆಯಾಯಿತು. ವಿಸ್ತೀರ್ಣ 431.23 ಚದರ ಕಿಲೋಮೀಟರ್, ಅದರಲ್ಲಿ 128.7 ಚದರ ಕಿಲೋಮೀಟರ್ ಲಿಂಗನಮಕ್ಕಿಯ ನೀರು. ಅಭಯ ಸಿಕ್ಕ ಕಾಡಿನಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಆಗಲೇ ಮುಳುಗಿದ್ದ ಕಾಡು. 2019ರಲ್ಲಿ ಅಕ್ಕಪಕ್ಕದ ಕಾಡುಗಳನ್ನೂ ಸೇರಿಸಿ 930 ಚದರ ಕಿಲೋಮೀಟರಿನ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ ಮಾಡಿದರು. ಕೋತಿಯ ಹೆಸರಿನಲ್ಲಿ ಮರಗಳಿಗೂ ಮರಗಳ ಕೆಳಗಿನದಕ್ಕೂ ಒಂದಿಷ್ಟು ನೆರಳು ಸಿಕ್ಕಿತು.

ಅಷ್ಟು ಹೊತ್ತಿಗೆ ಸಸ್ಯಗಳ ಎಣಿಕೆ ನಮ್ಮವರದೇ ಕೆಲಸವಾಗಿತ್ತು. ಶಿವಮೊಗ್ಗ ಜಿಲ್ಲೆಯ ಸಸ್ಯಸಂಪತ್ತಿನ ದೊಡ್ಡ ಗ್ರಂಥವನ್ನು 2001ರಲ್ಲಿ ಮೈಸೂರು ವಿಶ್ವವಿದ್ಯಾಲಯ ತಂದಿತು. ಭಾರತೀಯ ವಿಜ್ಞಾನ ಸಂಸ್ಥೆಯವರು ಶರಾವತಿಯ ಕಣಿವೆಯನ್ನು ಕಾಲುನಡಿಗೆಯಲ್ಲಿ ಅಳೆದರು. ಅವರ ಕ್ರಮ ಕೇಳಿದರೆ ರಂಗೋಲಿಯ ನೆನಪಾಗುತ್ತದೆ. ಕಾಡಿನೊಳಗೆ ಗೆರೆ ಹಿಡಿದು ನಡೆದು, ಗೆರೆಯುದ್ದಕ್ಕೂ ಅಲ್ಲಲ್ಲಿ 20 ಮೀಟರಿನ ಚೌಕ ಹಾಕುತ್ತಾರೆ, ಎದೆಮಟ್ಟದಲ್ಲಿ 30 ಸೆಂಟಿಮೀಟರ್ ಸುತ್ತಳತೆ ಮೀರಿದ ಮರಗಳೆಲ್ಲ ಅದರ ಲೆಕ್ಕಕ್ಕೆ. ಅದರೊಳಗೆ 5 ಮೀಟರಿನ ಚೌಕ, ಸಣ್ಣ ಗಿಡಗಳಿಗೆ. ಅದರೊಳಗೆ ಒಂದೇ ಮೀಟರಿನ ಚೌಕ, ಹುಲ್ಲು ಸೊಪ್ಪುಗಳಿಗೆ. ಉಂಬಳ ಹತ್ತಿಸಿಕೊಂಡು ಮಂಡಿಯೂರಿ ಕೂತು ಎಣಿಸಬೇಕಾದ್ದು ಈ ಕೊನೆಯ ಚೌಕವನ್ನು.

ಹೀಗೆ ಎಣಿಸಿದ್ದರಿಂದ ಏನಾಯಿತು? ಸಾಗರದಿಂದ ಹೊನ್ನಾವರಕ್ಕೆ ಹೋಗುವ ಬಸ್ಸು ಜೋಗದ ಬಳಿ ಹೊಳೆ ದಾಟಿ, ಮಾವಿನಗುಂಡಿ ಕಳೆದು, ಘಟ್ಟ ಇಳಿಯುವ ಮೊದಲು ಕತ್ತಲೆಕಾನು ಎಂಬಲ್ಲಿ ಹಾಯುತ್ತದೆ. ಹೆಸರಿಗೆ ತಕ್ಕ ಜಾಗ. ಇಡಗುಂಜಿ ಗಣಪತಿಗೆ ಹೋಗುವಾಗ ಎಷ್ಟು ಸಲ ಅಲ್ಲಿ ಬಸ್ಸಿನ ಕಿಟಕಿಗೆ ತಲೆ ಆನಿಸಿ ನಿದ್ದೆ ಮಾಡಿದ್ದೇನೋ. ಆ ಕಾನಿನೊಳಗೆ ವರ್ಷವಿಡೀ ನೀರು ನಿಲ್ಲುವ ಜೌಗಿದೆ. ರಾಮಪತ್ರೆಯ ಬಳಗದ ಮರಗಳು ಅಲ್ಲಿ ಉಸಿರಾಡಲೆಂದು ಬೇರನ್ನು ಮಂಡಿಯಂತೆ ಮಡಿಸಿ ಕೆಸರಿನ ಮೇಲೆತ್ತಿವೆ. 2000ದಲ್ಲಿ ದಾಸಪ್ಪ ಮತ್ತು ಎಂ. ಎಚ್. ಸ್ವಾಮಿನಾಥ್ ಅಲ್ಲಿಂದ ಪ್ರಪಂಚಕ್ಕೆ ಗೊತ್ತಿಲ್ಲದ ಒಂದು ಮರವನ್ನು ಹೊರತಂದರು. ಬಟ್ಟೆಗೆ ಗುರುತು ಹಾಕಲು ಅಗಸರು ಬಳಸುತ್ತಿದ್ದ ಗೇರಿನ ಅಣ್ಣತಮ್ಮ ಅದು. ಶಾಸ್ತ್ರದ ಹೆಸರು ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ನಮ್ಮ ಒಂದು ಕಾನಿನ ಹೆಸರು ಲ್ಯಾಟಿನ್ನಿನ ಒಳಗೆ ಹೋಗಿ ಕೂತಿತು. ಹುಲ್ಲಾದರೆ ಕಣ್ಣು ತಪ್ಪಿತು ಎನ್ನಬಹುದು. ಇದು ಎತ್ತರಕ್ಕೆ ಬೆಳೆದ ಮರ, ಹೆದ್ದಾರಿಯಿಂದ ಹೆಚ್ಚು ದೂರವೂ ಅಲ್ಲ. ಜೌಗಿನ ಮರ ಯಾವ ಇಲಾಖೆಯ ಯಾವ ಲೆಕ್ಕಕ್ಕೂ ಬೇಕಾಗಿರಲಿಲ್ಲ. ಮತ್ತೆ ಇಂಥ ಜೌಗುಗಳು ಎಷ್ಟೋ ಕಡೆ ಇದ್ದವು. ಕಣಿವೆಯಲ್ಲಿ ನೀರು ಬತ್ತದ ಜಾಗವನ್ನೇ ಹುಡುಕಿ ನಮ್ಮ ಹಿರಿಯರು ಅಡಕೆ ತೋಟ, ಗದ್ದೆ ಮಾಡಿದರು. ನನ್ನ ಕಾಲುವೆಯ ಕೆಳಗಿನ ತೋಟದಲ್ಲಿ ಮೊದಲೇನಿತ್ತು ಎಂದು ಯಾರನ್ನು ಕೇಳಲಿ?

ಎಣಿಸುವವರು ಊರಿಗೆ ಬಂದಾಗ ನಡೆಯುವ ಒಂದು ಪ್ರಸಂಗವನ್ನು ಇಲ್ಲಿ ಹೇಳಬೇಕು. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಪಂಚಾಯತಿಯೂ ತನ್ನ ಗಿಡಮರ, ಸೊಪ್ಪು, ಪ್ರಾಣಿಪಕ್ಷಿಗಳ ದಾಖಲಾತಿ ಪುಸ್ತಕ ಮಾಡಬೇಕು. ಅದಕ್ಕಿರುವ ಸಮಿತಿಗೆ ಆರಿಸುವ ಸದಸ್ಯರಲ್ಲಿ ಮೂರನೆಯ ಒಂದು ಭಾಗವಾದರೂ ಹೆಂಗಸರಿರಬೇಕೆಂದು 2004ರ ನಿಯಮ ಹೇಳಿತ್ತು. ನಮ್ಮ ಕಡೆಯ ಒಂದು ಮನೆಗೆ ಹೀಗೆಯೇ ಪುಸ್ತಕ ಹಿಡಿದು ಇಬ್ಬರು ಹುಡುಗರು ಬಂದರು. ಯಜಮಾನರು ಜಗುಲಿಯ ಮೇಲೆ ಕವಳ ಹಾಕುತ್ತ ಮತ್ತಿ, ಹೊನ್ನೆ, ನಂದಿ, ಬೀಟೆ ಎಂದು ಮರಗಳ ಹೆಸರು ಹೇಳಿದರು. ಎಲ್ಲವೂ ತೊಲೆ, ಬಾಗಿಲು, ಮಂಚವಾಗುವ ಮರಗಳು. ಸೊಪ್ಪಿನ ಪುಟ ಬಂದಾಗ ಮಾತು ನಿಂತಿತು. ಒಳಗಿಂದ ಬಾಗಿಲ ಸಂದಿಯಲ್ಲಿ ಒಂದು ದನಿ ಒಂದೊಂದೇ ಹೆಸರು ಹೇಳತೊಡಗಿತು. ಹುಡುಗರು ಬರೆಯುತ್ತಲೇ ಹೋದರು, ಹೊರಗೆ ಬಂದು ಕೂರಿ ಎಂದು ಕರೆಯಲು ಮಾತ್ರ ಅವರಿಗೆ ಹೊಳೆಯಲಿಲ್ಲ. ಆ ಪುಟದ ಕೆಳಗೆ ಮಾಹಿತಿ ಕೊಟ್ಟವರು ಎಂಬಲ್ಲಿ ಯಜಮಾನರ ಹೆಸರೇ ಬಿದ್ದಿತು. ಇದನ್ನು ನನಗೆ ಹೇಳಿದ್ದು ಆ ದನಿಯೇ, ನಗುತ್ತಲೇ. ಹದಿನೇಳನೆಯ ಶತಮಾನದಲ್ಲಿ ಕೊಚ್ಚಿಯ ಡಚ್ಚರು ಮಾಡಿಸಿದ ಹನ್ನೆರಡು ಸಂಪುಟಗಳ ಹೋರ್ಟಸ್ ಮಲಬಾರಿಕಸ್ ಗ್ರಂಥದಲ್ಲಿ ಹೆಸರು ಹೇಳಿಕೊಟ್ಟ ವೈದ್ಯರ ಹೆಸರುಗಳು ಅಚ್ಚಾಗಿವೆ: ಇಟ್ಟಿ ಅಚ್ಯುತನ್, ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್. ಅವರಿಗೆ ಗಿಡದ ಗುಣ ಹೇಳಿದ ಅಮ್ಮಂದಿರು ಯಾರೋ.

ಇನ್ನು ನನ್ನ ಹುಲ್ಲಿಗೆ ಬರುತ್ತೇನೆ. ಅಳಿದುಹೋಯಿತೆಂದು ಬರೆದುಕೊಂಡ ಎಷ್ಟೋ ವರ್ಷಗಳ ಮೇಲೆ, ಈ ಶತಮಾನದ ಮೊದಲ ದಶಕದಲ್ಲಿ, ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಎಸ್. ಆರ್. ಯಾದವ್ ಮತ್ತು ಅವರ ಸಂಗಡಿಗರಿಗೆ ಮಹಾರಾಷ್ಟ್ರದ ತಿಲಾರಿ ಘಟ್ಟದಲ್ಲಿ, ನೀರು ಜಿನುಗುವ ಬಂಡೆಯೊಂದರ ಮೇಲೆ ಒಂದು ನಾಜೂಕು ಹುಲ್ಲು ಕಂಡಿತು. ಹಳೆಯ ವಿವರಣೆಯೊಂದಿಗೆ ಹೋಲಿಸಿದರು. ಅದೇ. ಅವರು ಅದನ್ನು ತಂದು ಬೆಳೆಸಿ ಸಂಖ್ಯೆ ಹೆಚ್ಚಿಸಿದರು ಕೂಡ. ಓದಿ ನನಗೆ ಆದ ಸಂತೋಷ, ಸತ್ತಿದ್ದಾಳೆಂದುಕೊಂಡ ಬಾಲ್ಯದ ಗೆಳತಿ ಬೆಳಗಾವಿಯ ಆಚೆ ಎಲ್ಲೋ ಸಂಸಾರ ಮಾಡಿಕೊಂಡಿದ್ದಾಳೆ ಎಂದು ತಿಳಿದಂತಿತ್ತು. ಆಮೇಲೆ ಯೋಚಿಸಿದರೆ, 1919ರಲ್ಲಿ ಆ ಒಂದು ಹಾಳೆ ಅಂಟಿಸಿಡದಿದ್ದರೆ ತಿಲಾರಿಯದನ್ನು ಹೊಸದು ಎನ್ನುತ್ತಿದ್ದರು, ಜೋಗದಲ್ಲಿ ಏನೂ ಕಳೆದೇ ಇಲ್ಲ ಎಂದು ನಾವು ನೆಮ್ಮದಿಯಾಗಿರುತ್ತಿದ್ದೆವು. ಕಳೆದದ್ದು ಗೊತ್ತಾಗಬೇಕಾದರೂ ಮೊದಲು ಬರೆದಿಟ್ಟಿರಬೇಕು.

ಈಚಿನ ವರ್ಷಗಳಲ್ಲಿ ಶರಾವತಿಯಲ್ಲಿ ಮತ್ತೊಂದು ಯೋಜನೆಯ ಮಾತು ನಡೆದಿದೆ. ಕೆಳಗಿನ ಗೇರುಸೊಪ್ಪ ಜಲಾಶಯದ ನೀರನ್ನು ಮೇಲಿನ ತಳಕಳಲೆಗೆ ಎತ್ತಿ, ಬೇಕಾದಾಗ ಇಳಿಸಿ 2,000 ಮೆಗಾವಾಟ್ ವಿದ್ಯುತ್ತು ತೆಗೆಯುವ ಪಂಪ್ಡ್ ಸ್ಟೋರೇಜ್ ಯೋಜನೆ. ಜಾಗ ಸಿಂಗಳೀಕ ಅಭಯಾರಣ್ಯದೊಳಗಿನದು. ಸುಮಾರು 16,000 ಮರ ಕಡಿಯಬೇಕಾಗುತ್ತದೆ ಎಂದು ಪತ್ರಿಕೆಗಳಲ್ಲಿ ಬಂದಿತ್ತು. ಪರವಾಗಿ, ವಿರೋಧವಾಗಿ ಬಹಳ ಮಾತು ಕೇಳಿದ್ದೇನೆ, ವಿರೋಧದವರ ಪಕ್ಕದಲ್ಲಿ ಕೂತು ಬಂದವಳೂ ಹೌದು. ಮರಗಳ ಸಂಖ್ಯೆ ಎರಡು ಕಡೆಯವರ ಬಾಯಲ್ಲೂ ಇದೆ. ಒಂದು ಮೀಟರಿನ ಚೌಕದೊಳಗಿನದನ್ನು ಯಾರಾದರೂ ಹೇಳುತ್ತಾರೇನೋ ಎಂದು ಪೇಪರು ಬಂದಾಗಲೆಲ್ಲ ಹುಡುಕುತ್ತೇನೆ.

ಹೋದ ಮಳೆಗಾಲ ಅಕ್ಕನ ಮಗಳು ಬಂದಿದ್ದಳು, ಜೋಗಕ್ಕೆ ಕರೆದುಕೊಂಡು ಹೋದೆ. ಭರ್ತಿ ನೀರು. ಮಂಜು ಸರಿಯುವ ತನಕ ಕಾದು, ಕೊಡೆ ಮಡಿಸಿ, ಅವಳು ಫೋಟೋ ತೆಗೆಯುತ್ತಿದ್ದಾಗ ನಾನು ರಾಣಿಯ ಪಕ್ಕದ ಬಂಡೆಯನ್ನೇ ನೋಡುತ್ತಿದ್ದೆ. ಅಷ್ಟು ದೂರಕ್ಕೆ ಕಾಣುವುದು ಹಸಿರು ಬಣ್ಣ ಮಾತ್ರ. ಪಾಚಿಯೋ ಜರಿಗಿಡವೋ ಇನ್ನೇನೋ. ಕನ್ನಡಕ ಒರೆಸಿ ಒರೆಸಿ ನೋಡಿದೆ. ‘ಏನು ಹುಡುಕ್ತಿದೀಯ ಚಿಕ್ಕಮ್ಮ?’ ಎಂದಳು. ಹುಲ್ಲು ಎಂದೆ. ಅವಳು ಯಾವ ಹುಲ್ಲು ಎಂದು ಕೇಳಿದಳು. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಅಲ್ಲೇ ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚಿ, 1919ರಿಂದ ಶುರುಮಾಡಿದೆ.